ಬೈಕಲ್ ದಂಡೆಯ ಕೆಸರಿಗೆ ವಾರಸುದಾರರು ಬೇಕು

ಮಾನ್ಯ ಸಂಪಾದಕರೇ,

ಸೈಬೀರಿಯಾದ ಬೈಕಲ್ ಸರೋವರದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಸರೋವರದ ದಕ್ಷಿಣ ದಂಡೆಯ ಬೈಕಾಲ್ಸ್ಕ್ ಪಟ್ಟಣದಲ್ಲಿದ್ದ ಕಾಗದದ ತಿರುಳಿನ ಕಾರ್ಖಾನೆ 2013ರಲ್ಲಿ ಮುಚ್ಚಿದ್ದರಿಂದ ಅಲ್ಲಿನ ನೀರಿಗಿದ್ದ ಕಂಟಕ ಕಳೆಯಿತು ಎಂಬ ಅರ್ಥದ ಒಂದು ಸಾಲು ಅದರಲ್ಲಿದೆ. ಆ ಸಾಲನ್ನು ಓದಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಕಾರ್ಖಾನೆಯ ಕೊಳವೆಯಿಂದ ಸರೋವರಕ್ಕೆ ಬೀಳುತ್ತಿದ್ದ ಕೊಳಕು ನೀರು ನಿಂತಿದೆ ಎಂಬುದು ನಿಜ. ಆದರೆ 1966ರಿಂದ ಅದು ಹೊರಹಾಕುತ್ತ ಬಂದ ಕೆಸರು, 60 ಲಕ್ಷ ಟನ್ನಿಗೂ ಹೆಚ್ಚು, ದಂಡೆಗೆ ಹತ್ತಿರದಲ್ಲೇ, ಸರೋವರಕ್ಕಿಂತ ಎತ್ತರದ ನೆಲದಲ್ಲಿ ಅಗೆದ ತೆರೆದ ಹೊಂಡಗಳಲ್ಲಿ ತುಂಬಿಕೊಂಡಿತ್ತು. ಕಾರ್ಖಾನೆಗೆ ಬೀಗ ಬಿದ್ದ ದಿನ ಈ ಹೊಂಡಗಳಲ್ಲಿ ಒಂದು ಬೊಗಸೆಯಷ್ಟೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಅವುಗಳನ್ನು ಕಾಯುವ ಜನ ಮಾತ್ರ.

ನಾನು ಕಾಗದದ ಕಾರ್ಖಾನೆಯೊಂದರ ತ್ಯಾಜ್ಯನೀರು ವಿಭಾಗದ ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು. ಬೈಕಲ್ ಅನ್ನು ಕಣ್ಣಾರೆ ಕಂಡಿಲ್ಲವಾದರೂ ಆ ಜಾತಿಯ ಕೆಸರನ್ನು ಕೈಯಾರೆ ಮುಟ್ಟಿ ಬಲ್ಲೆ. ಮರದಲ್ಲಿ ಸರಿಸುಮಾರು ಕಾಲು ಭಾಗ ಲಿಗ್ನಿನ್ ಇರುತ್ತದೆ. ನಾರನ್ನು ನಾರಿಗೆ ಅಂಟಿಸಿ ಮರಕ್ಕೆ ಗಟ್ಟಿತನ ಕೊಡುವ ವಸ್ತು ಅದು. ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಬೆರೆತ ದ್ರಾವಣದಲ್ಲಿ ಒತ್ತಡದಡಿ ಬೇಯಿಸಿದಾಗ ಲಿಗ್ನಿನ್ ಕರಗಿ ಕಪ್ಪು ದ್ರಾವಣವಾಗಿ ಹೊರಬರುತ್ತದೆ, ನಾರು ಉಳಿಯುತ್ತದೆ. ಈ ಕಪ್ಪು ದ್ರಾವಣದ ಬಹುಪಾಲನ್ನು ಬಾಯ್ಲರಿನಲ್ಲಿ ಉರಿಸಿ ರಾಸಾಯನಿಕಗಳನ್ನು ಮರಳಿ ಪಡೆಯುತ್ತಾರೆ. ಆದರೂ ತಿರುಳನ್ನು ತೊಳೆದ ನೀರಿನಲ್ಲಿ ಕಂದುಬಣ್ಣದ ಲಿಗ್ನಿನ್ ಉಳಿದೇ ಇರುತ್ತದೆ. ಬೈಕಾಲ್ಸ್ಕಿನಲ್ಲಿ ಆ ಬಣ್ಣವನ್ನು ತೆಗೆಯಲು ನೀರಿಗೆ ಆಲಂ ಎಂಬ ಅಲ್ಯೂಮಿನಿಯಂ ಲವಣ ಹಾಕಿ, ಲಿಗ್ನಿನ್ ಹೆಪ್ಪುಗಟ್ಟಿ ತಳ ಸೇರುವಂತೆ ಮಾಡಿ, ಹಾಗೆ ಬಂದ ಬಗ್ಗಡವನ್ನು ಹೊಂಡಗಳಿಗೆ ಸಾಗಿಸುತ್ತಿದ್ದರು. ಸರೋವರಕ್ಕೆ ಬಿಡುವ ನೀರು ತಿಳಿಯಾಗಲೆಂದು ತೆಗೆದ ಕೊಳೆಯೇ ಅಲ್ಲಿ ರಾಶಿಯಾದದ್ದು.

ಆಲಂ ಹಾಕಿ ಇಳಿಸಿದ ಈ ಬಗ್ಗಡದ ಸ್ವಭಾವವನ್ನು ಅರಿಯದೆ ಅದನ್ನು ತೆಗೆಯುವ ಮಾತಾಡುವುದು ವ್ಯರ್ಥ. ಅದು ಮಣ್ಣಿನ ಕೆಸರಿನಂತಲ್ಲ, ಲೋಳೆಯಂತಹದು. ಗಾಜಿನ ಜಾಡಿಯಲ್ಲಿ ತುಂಬಿಟ್ಟರೆ ಮೇಲೆ ಎರಡು ಬೆರಳಿನಷ್ಟು ನೀರು ತಿಳಿಯಾಗಿ ನಿಲ್ಲುತ್ತದೆ, ಕೆಳಗಿನದು ತಿಂಗಳು ಕಳೆದರೂ ಹಾಗೆಯೇ ಉಳಿಯುತ್ತದೆ. ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ನೀರು ಬರುವುದಿಲ್ಲ, ಬಟ್ಟೆಯ ಕಣ್ಣೇ ಮುಚ್ಚಿಹೋಗುತ್ತದೆ. ಬಿಸಿಲಿಗೆ ಹರಡಿದರೆ ಮೇಲೊಂದು ಚರ್ಮದಂತಹ ಪದರ ಬಿಗಿದುಕೊಂಡು ಒಳಗಿನ ಹಸಿಯನ್ನು ಹಿಡಿದಿಡುತ್ತದೆ. ಅದರ ತೂಕದಲ್ಲಿ ಹೆಚ್ಚಿನ ಪಾಲು ನೀರೇ ಆಗಿರುವುದರಿಂದ ಲಾರಿಯಲ್ಲಿ ತುಂಬಿ ಸಾಗಿಸಿದರೂ ನೀರನ್ನು ಹೊತ್ತಂತೆ, ಉರಿಸಿದರೂ ನೀರನ್ನು ಕುದಿಸಿದಂತೆ. ಬೈಕಲ್ ದಂಡೆಯ ಹೊಂಡಗಳು ಇಷ್ಟು ವರ್ಷ ಹಾಗೆಯೇ ಬಿದ್ದಿದ್ದಕ್ಕೆ ಬರೀ ಹಣದ ಕೊರತೆ ಕಾರಣವಲ್ಲ, ಈ ಲೋಳೆಯ ಹಟವೂ ಕಾರಣ.

ಆ ಹೊಂಡಗಳ ಕೆಳಗಿರುವುದು ಎಂತಹ ಸರೋವರ ಎಂಬುದನ್ನೂ ಹೇಳಬೇಕು. ಬೈಕಲ್‌ನ ಗರಿಷ್ಠ ಆಳ 1,642 ಮೀಟರ್. ಭೂಮಿಯ ಮೇಲ್ಮೈಯಲ್ಲಿ ಹಿಮವಾಗದೆ ಉಳಿದಿರುವ ಸಿಹಿನೀರಿನಲ್ಲಿ ಐದನೇ ಒಂದು ಪಾಲು ಅದೊಂದರಲ್ಲೇ ಇದೆ. ಮುನ್ನೂರಕ್ಕೂ ಹೆಚ್ಚು ನದಿ ತೊರೆಗಳು ಅದನ್ನು ಸೇರುತ್ತವೆ, ಹೊರಗೆ ಹರಿಯುವುದು ಅಂಗಾರಾ ನದಿ ಒಂದೇ. ಹೀಗಾಗಿ ಅದರ ನೀರು ಒಮ್ಮೆ ಪೂರ್ತಿ ಬದಲಾಗಲು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ನದಿಗೆ ಬಿದ್ದ ವಿಷ ಹರಿದುಹೋಗುತ್ತದೆ ಎಂಬ ಸಮಾಧಾನವಾದರೂ ಇದ್ದೀತು, ಇಲ್ಲಿ ಅದೂ ಇಲ್ಲ. ಈ ನೀರನ್ನು ತಿಳಿಯಾಗಿ ಇಡುವ ಕೆಲಸದಲ್ಲಿ ಎಪಿಶೂರಾ ಎಂಬ ಪುಟ್ಟ ಜೀವಿಯ ಪಾಲು ದೊಡ್ಡದು. ಒಂದೂವರೆ ಮಿಲಿಮೀಟರಿನಷ್ಟಿರುವ ಈ ಜೀವಿ ನೀರನ್ನು ಸೋಸಿ ಅದರಲ್ಲಿನ ಪಾಚಿಯನ್ನು ತಿನ್ನುತ್ತದೆ, ಅದನ್ನು ಮೀನುಗಳು ತಿನ್ನುತ್ತವೆ, ಮೀನುಗಳನ್ನು ಅಲ್ಲಿನ ಸಿಹಿನೀರಿನ ಸೀಲ್ ತಿನ್ನುತ್ತದೆ. ಕಣ್ಣಿಗೆ ಬೀಳುವುದೇ ಕಷ್ಟ ಎನ್ನುವಷ್ಟು ಸಣ್ಣ ಜೀವಿಗೆ ಬಂದ ಕೇಡು ಇಡೀ ಸರೋವರಕ್ಕೆ ಬರಲು ದಾರಿ ದೂರವೇನಿಲ್ಲ.

ಹೊಂಡಗಳು ಇರುವ ಜಾಗವೇ ನನ್ನನ್ನು ಹೆಚ್ಚು ಕಾಡುವುದು. ಪಟ್ಟಣದ ಬೆನ್ನಿಗೆ ಖಮಾರ್ ದಬಾನ್ ಪರ್ವತಸಾಲು ಕಡಿದಾಗಿ ನಿಂತಿದೆ. ಜೋರು ಮಳೆ ಬಂದಾಗ ಅಲ್ಲಿನ ಕಣಿವೆಗಳಲ್ಲಿ ಕಲ್ಲು, ಮಣ್ಣು, ಮರದ ದಿಮ್ಮಿಗಳನ್ನು ಹೊತ್ತ ಪ್ರವಾಹ ಇಳಿಯುವುದು ಹೊಸದೇನಲ್ಲ. 1971ರಲ್ಲಿ ಆ ದಂಡೆಯ ಜನ ಅಂಥದೊಂದನ್ನು ಕಂಡಿದ್ದಾರೆ. ಅಷ್ಟೇ ಅಲ್ಲದೆ ಬೈಕಲ್ ನಿಂತಿರುವುದೇ ಭೂಮಿಯ ಹೊರಪದರ ಬಿರಿಯುತ್ತಿರುವ ಬಿರುಕಿನಲ್ಲಿ. 1862ರ ಭೂಕಂಪದಲ್ಲಿ ಅದರ ಪೂರ್ವ ದಂಡೆಯ ಸುಮಾರು 200 ಚದರ ಕಿಲೋಮೀಟರ್ ನೆಲ ಕುಸಿದು ನೀರಿನಡಿ ಸೇರಿ ಹೊಸದೊಂದು ಕೊಲ್ಲಿಯೇ ಉಂಟಾಯಿತು. 2008ರ ಆಗಸ್ಟಿನಲ್ಲಿ ದಕ್ಷಿಣ ಬೈಕಲ್‌ನಲ್ಲಿ 6ಕ್ಕೂ ಹೆಚ್ಚಿನ ತೀವ್ರತೆಯ ಭೂಕಂಪ ಆಯಿತು. ಇಂತಹ ನೆಲದ ಮೇಲೆ ಮಣ್ಣಿನ ಏರಿ ಕಟ್ಟಿ, ಅದರೊಳಗೆ ಲೋಳೆಯನ್ನೂ ವರ್ಷ ವರ್ಷದ ಮಳೆ ಹಾಗೂ ಹಿಮ ಕರಗಿದ ನೀರನ್ನೂ ತುಂಬಿಸಿಕೊಂಡು ಕೂತರೆ, ಏರಿ ಒಡೆಯಲು ದೊಡ್ಡ ದುರಂತವೇ ಬರಬೇಕೆಂದಿಲ್ಲ, ಹೊಂಡದ ಅಂಚಿನವರೆಗೆ ನೀರು ನಿಂತಿದ್ದಾಗ ಬಂದ ಎರಡು ದಿನದ ಬಿರುಮಳೆ ಸಾಕು.

ಇದು ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ವಿಮಾನದ ಟೈರಿಗೆ ಬೇಕಾದ ಗಟ್ಟಿ ನೂಲಿನ ತಿರುಳಿಗೆ ಬೈಕಲ್‌ನಷ್ಟು ಶುದ್ಧವಾದ ನೀರು ಬೇಕೆಂದು ಸೋವಿಯತ್ ಸರ್ಕಾರ ಆ ಜಾಗವನ್ನು ಆರಿಸಿದಾಗಲೇ ವಿಜ್ಞಾನಿಗಳೂ ಲೇಖಕರೂ ಬಹಿರಂಗವಾಗಿ ವಿರೋಧಿಸಿದ್ದರು. ಸರೋವರ ವಿಜ್ಞಾನಿ ಗ್ರಿಗೊರಿ ಗಲಾಜಿ ದಶಕಗಳ ಕಾಲ ಅದೇ ಮಾತನ್ನು ಹೇಳುತ್ತ ಬಂದರು. 1996ರಲ್ಲಿ ಯುನೆಸ್ಕೊ ಬೈಕಲ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, 1999ರಲ್ಲಿ ರಷ್ಯಾ ಈ ಒಂದು ಸರೋವರಕ್ಕಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿತು. ಆದರೂ 2008ರಲ್ಲಿ ನಿಂತಿದ್ದ ಕಾರ್ಖಾನೆ 2010ರಲ್ಲಿ ಸರ್ಕಾರದ ಅನುಮತಿಯಿಂದಲೇ ಮತ್ತೆ ಶುರುವಾಯಿತು. ಕೊನೆಗೆ ದಿವಾಳಿಯಾಗಿ ಮುಚ್ಚಿತು. ದಿವಾಳಿಯಾದ ಕಂಪನಿಯ ಯಂತ್ರಗಳಿಗೆ ಕೊಳ್ಳುವವರು ಸಿಗುತ್ತಾರೆ, ಸಾಲಕ್ಕೆ ಲೆಕ್ಕ ಇಡುವವರಿರುತ್ತಾರೆ, ಕೆಸರಿಗೆ ಮಾತ್ರ ಯಾರೂ ಇರುವುದಿಲ್ಲ. ಅದನ್ನು ತೆಗೆಯುವ ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಕಡೆಗೆ ಅಣುಶಕ್ತಿ ನಿಗಮ ರೋಸಾಟಮ್‌ನ ಅಂಗಸಂಸ್ಥೆಯ ಪಾಲಿಗೆ ಬಂದಿದೆ. ಕೈ ಬದಲಾದಾಗಲೆಲ್ಲ ವಿಧಾನವೂ ಬದಲಾಗುವುದರಿಂದ ಕಳೆದುಹೋಗುವುದು ಬೇಸಿಗೆಗಳು. ವರ್ಷದ ಬಹುಭಾಗ ನೆಲ ಹೆಪ್ಪುಗಟ್ಟುವ ಆ ಸೀಮೆಯಲ್ಲಿ ಕೆಲಸಕ್ಕೆ ಒದಗುವ ಬೇಸಿಗೆ ಎಷ್ಟು ಚಿಕ್ಕದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ವಾರಸುದಾರರು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒನೊಂಡಾಗ ಸರೋವರವನ್ನು ನೋಡಬಹುದು. ಅಲೈಡ್ ಕೆಮಿಕಲ್ ಕಂಪನಿ ಅದರೊಳಕ್ಕೆ ಪಾದರಸ ಬಿಡುತ್ತಿತ್ತು. ಬೇರೆ ಕೊಳಕಿನಿಂದಾಗಿ 1940ರಲ್ಲೇ ಅಲ್ಲಿ ಈಜುವುದನ್ನು ನಿಷೇಧಿಸಲಾಗಿತ್ತು, ಪಾದರಸದಿಂದಾಗಿ 1970ರಲ್ಲಿ ಮೀನು ಹಿಡಿಯುವುದನ್ನೂ ನಿಷೇಧಿಸಬೇಕಾಯಿತು. ಆ ಕಂಪನಿಯ ಹೊಣೆ ಮುಂದೆ ಹನಿವೆಲ್ ಕಂಪನಿಗೆ ಬಂತು. ನ್ಯಾಯಾಲಯದ ಒಪ್ಪಂದಕ್ಕೆ ಕಟ್ಟುಬಿದ್ದು 2012ರಿಂದ ಅದು ತಳದ ಹೂಳೆತ್ತಿಸಿತು, ಉಳಿದ ಕಡೆ ತಳಕ್ಕೆ ಮರಳು ಮುಂತಾದವುಗಳ ಹೊದಿಕೆ ಹಾಸಿಸಿತು. ಆ ಸರೋವರ ಪೂರ್ತಿ ಗುಣವಾಯಿತೆಂದು ನಾನು ಹೇಳುತ್ತಿಲ್ಲ. ಬಿಲ್ಲನ್ನು ಯಾರಿಗೆ ಕಳಿಸಬೇಕು ಎಂಬುದು ಅಲ್ಲಿ ಗೊತ್ತಿತ್ತು, ಆದ್ದರಿಂದ ಹೂಳೆತ್ತುವ ಯಂತ್ರ ನೀರಿಗಿಳಿಯಿತು ಎಂದಷ್ಟೇ ಹೇಳುತ್ತಿದ್ದೇನೆ. ಕಾರ್ಖಾನೆ ಲಾಭ ಮಾಡುತ್ತಿರುವಾಗಲೇ ಅದರ ತ್ಯಾಜ್ಯ ತೆಗೆಯಲು ಬೇಕಾಗುವ ಹಣವನ್ನು ಕಂಪನಿ ಮುಟ್ಟಲಾಗದ ಠೇವಣಿಯಾಗಿ ವರ್ಷ ವರ್ಷ ಇಡಿಸಬೇಕು. ಬಾಗಿಲು ಹಾಕಿದ ಮೇಲೆ ಹಣ ಕೇಳುವುದು ಸತ್ತವರಿಗೆ ನೋಟಿಸ್ ಕಳಿಸಿದ ಹಾಗೆ.

ಇನ್ನು ಕೆಸರಿನ ವಿಷಯ. ಮೊದಲು ಹೊಂಡಗಳ ಮೇಲೆ ನಿಂತ ನೀರನ್ನು ತೆಗೆದು ಶುದ್ಧೀಕರಿಸಿ ಮಟ್ಟ ಇಳಿಸಬೇಕು, ಏಕೆಂದರೆ ಉಕ್ಕಿ ಹರಿಯುವುದು ಅದೇ. ಬೆಟ್ಟದಿಂದ ಇಳಿಯುವ ಪ್ರವಾಹವನ್ನು ಹೊಂಡಗಳತ್ತ ಬರದಂತೆ ತಿರುಗಿಸುವ ಕಾಲುವೆ, ತಡೆಗೋಡೆಗಳು ಕೆಸರನ್ನು ಮುಟ್ಟುವ ಮುಂಚೆಯೇ ಆಗಬೇಕು. ಲೋಳೆಯ ಹಟ ಮುರಿಯುವ ಉಪಾಯ ಸೈಬೀರಿಯಾದ ಚಳಿಯಲ್ಲೇ ಇದೆ ಎಂದು ನನ್ನ ಅನುಭವ ಹೇಳುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಒಮ್ಮೆ ಆಲಂ ಬಗ್ಗಡವನ್ನು ಒಂದು ಲೋಟದಲ್ಲಿ ಹಾಕಿ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಕರಗಿಸಿ ನೋಡಿದೆವು. ತಿಂಗಳುಗಟ್ಟಲೆ ಒಂದು ಹನಿ ನೀರು ಬಿಡದಿದ್ದ ಲೋಳೆ ಕಾಫಿಪುಡಿಯ ಗಸಿಯಂತೆ ಕಾಳುಕಾಳಾಗಿ ತಳಕ್ಕಿಳಿದಿತ್ತು, ಮೇಲೆ ತಿಳಿನೀರು ನಿಂತಿತ್ತು. ಮಂಜುಗಡ್ಡೆ ಬೆಳೆಯುವಾಗ ಕಣಗಳನ್ನು ಒತ್ತಿ ಒಂದುಗೂಡಿಸುತ್ತದೆ, ಕರಗಿದ ಮೇಲೆ ಅವು ಮತ್ತೆ ಲೋಳೆಯಾಗುವುದಿಲ್ಲ. ತೆಳುವಾಗಿ ಹರಡಿದ ಕೆಸರನ್ನು ಚಳಿಗಾಲದಲ್ಲಿ ಪದರ ಪದರವಾಗಿ ಹೆಪ್ಪುಗಟ್ಟಿಸಿ, ಬೇಸಿಗೆಯಲ್ಲಿ ಬಿಡುವ ನೀರನ್ನು ಹಿಡಿದು ಶುದ್ಧೀಕರಿಸಿದರೆ ಸಾಗಿಸಬೇಕಾದ ರಾಶಿ ಬಹಳ ತಗ್ಗುತ್ತದೆ. ಇದು ನಿಧಾನದ ದಾರಿ, ನಿಜ. ಸಿಮೆಂಟ್ ಬೆರೆಸಿ ಅಲ್ಲೇ ಕಲ್ಲಾಗಿಸುತ್ತೇವೆ ಎಂಬ ಆತುರದ ಮಾತಿಗಿಂತ ಇದರಲ್ಲಿ ನನಗೆ ಭರವಸೆ ಹೆಚ್ಚು, ಏಕೆಂದರೆ ಕಲ್ಲಾದ ರಾಶಿಯೂ ಅದೇ ಕಣಿವೆಯ ಬಾಯಲ್ಲಿ ಉಳಿಯುತ್ತದೆ.

ನಿಮ್ಮಲ್ಲಿ ಒಂದೇ ವಿನಂತಿ. ಬೈಕಲ್ ಬಗ್ಗೆ ಮುಂದೆ ಬರೆಸುವಾಗ ಅದರ ಆಳ, ಹೆಪ್ಪುಗಟ್ಟಿದ ನೀಲಿ ನೀರಿನ ಚಿತ್ರಗಳ ಜೊತೆಗೆ, ಆ ವರ್ಷ ಹಿಮ ಕರಗುವ ಮುಂಚೆ ಹೊಂಡಗಳ ಅಂಚಿಗೂ ನೀರಿಗೂ ಎಷ್ಟು ಅಂತರ ಉಳಿದಿತ್ತು, ಎಷ್ಟು ಟನ್ ಕೆಸರು ಹೊರಗೆ ಹೋಯಿತು ಎಂಬ ಎರಡು ಅಂಕಿಗಳನ್ನು ದಯವಿಟ್ಟು ಕೇಳಿ ಪಡೆದು ಪ್ರಕಟಿಸಿ.

ಇತಿ ತಮ್ಮ ವಿಶ್ವಾಸಿ,
ಕಾಗದ ಕಾರ್ಖಾನೆಯ ನಿವೃತ್ತ ರಸಾಯನತಜ್ಞ