ಸಂಗಾತಿ ನಾಪತ್ತೆ: ಏಳು ವರ್ಷ ಕಾಯಲೇಬೇಕೇ?

ಮಾನ್ಯರೇ,

ಗಂಡನೋ ಹೆಂಡತಿಯೋ ನಾಪತ್ತೆಯಾದರೆ ವಿಚ್ಛೇದನಕ್ಕೆ ಏಳು ವರ್ಷ ಕಾಯಲೇಬೇಕೆಂಬ ಮಾತು ಅರ್ಧ ಸತ್ಯ. ಬದುಕಿದ್ದಾರೆಂಬ ಸುದ್ದಿಯೇ ಇಲ್ಲದಿದ್ದಾಗ ಆ ಲೆಕ್ಕ. ವಿನಾಕಾರಣ ತೊರೆದು ಹೋದದ್ದಕ್ಕೆ 1955ರ ಹಿಂದೂ ವಿವಾಹ ಕಾಯ್ದೆಯಡಿ ಸತತ 2 ವರ್ಷ ಸಾಕು. ವಿಚ್ಛೇದನದ ಅರ್ಜಿ ಹಾಕಿದ ಮೇಲೆ ಸಂಗಾತಿಗೆ ಹೋದ ಕೋರ್ಟ್ ಸಮನ್ಸ್ ‘ಮನೆಗೆ ಬೀಗ’ ಎಂಬ ಷರಾ ಹೊತ್ತು ವಾಪಸಾದರೆ, ಎಲ್ಲೆಲ್ಲಿ ಹುಡುಕಿದಿರೆಂದು ಅಫಿಡವಿಟ್‌ನಲ್ಲಿ ಬರೆದು, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 5, ನಿಯಮ 20ರಡಿ ಸಮನ್ಸನ್ನು ಪತ್ರಿಕೆಯಲ್ಲಿ ಪ್ರಕಟಿಸಲು ಅರ್ಜಿ ಹಾಕಬೇಕು. ಎಡವುವುದು ಇಲ್ಲೇ: ನಾಪತ್ತೆಯಾದ ಗಂಡ ಕೊನೆಗೆ ವಾಸವಿದ್ದದ್ದು ಪುಣೆಯಲ್ಲಿ, ಪ್ರಕಟಣೆ ಬಂದದ್ದು ದಾವಣಗೆರೆ ಆವೃತ್ತಿಯಲ್ಲಿ! ಗೊತ್ತಿದ್ದ ವಿಳಾಸ ಮುಚ್ಚಿಟ್ಟರಂತೂ ಏಕಪಕ್ಷೀಯ ಡಿಕ್ರಿ (ಎದುರು ಪಕ್ಷದ ಗೈರಿನಲ್ಲಿ ಬಂದ ತೀರ್ಪು) ವರ್ಷಗಳ ಬಳಿಕವೂ ರದ್ದಾದೀತು. ಮೇಲ್ಮನವಿ ಅವಧಿ ಮುಗಿಯುವ ಮುನ್ನ ಮರುಮದುವೆಗೆ ಛತ್ರ ಬುಕ್ ಮಾಡಬೇಡಿ.

– ಓರ್ವ ವಕೀಲ, ಹುಬ್ಬಳ್ಳಿ