ಕೆಂಪು ದೀಪದ ಮುಂದೆ ಮತ್ತೆ ಕೂರಿಸಿದವರಿಗೆ

ನಾಲ್ಕು ತಿಂಗಳ ನಂತರ, ಕಳೆದ ವಾರ ಮೈಸೂರು ಆಕಾಶವಾಣಿಯ ಸ್ಟುಡಿಯೋದಲ್ಲಿ ಬೆಳಗಿನ ಪಾಳಿಗೆ ಕೆಂಪು ದೀಪ ಹೊತ್ತಿದಾಗ ನಿಲಯದ ಹೆಸರನ್ನು ಹೇಳಿದವಳು ನಾನು. ಆ ಒಂದು ಸಾಲನ್ನು ಒಡೆಯದ ದನಿಯಲ್ಲಿ ಹೇಳುವಂತೆ ಮಾಡಿದವರಿಗೆ ಎಲ್ಲರೆದುರು ಕೈಮುಗಿಯಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ದನಿ ಕೆಡುತ್ತಿರುವುದನ್ನು ನನಗಿಂತ ಮೊದಲು ಗುರುತಿಸಿದವರು ಕಂಟ್ರೋಲ್ ರೂಮಿನ ಹಿರಿಯ ಎಂಜಿನಿಯರ್. ವಾಕ್ಯದ ಕೊನೆಯ ಅಕ್ಷರಗಳಿಗೆ ಮೀಟರಿನ ಮುಳ್ಳು ಏಳುತ್ತಲೇ ಇಲ್ಲವೆಂದು ಅವರು ಹೇಳಿದಾಗ ನಾನು ಶೀತವೆಂದುಬಿಟ್ಟೆ. "ಶೀತ ಮೂರು ವಾರ ಇರಲ್ಲಮ್ಮ, ಹೋಗಿ ತೋರಿಸ್ಕೊಂಡು ಬಾ" ಎಂದು ಅವರು ಪಟ್ಟು ಹಿಡಿಯದಿದ್ದರೆ ನಾನು ಇನ್ನಷ್ಟು ದಿನ ಹಾಗೆಯೇ ತಳ್ಳುತ್ತಿದ್ದೆ. ಬೆಳಿಗ್ಗೆ ಉದ್ಘೋಷಣೆ, ಸಂಜೆ ಮನೆಯಲ್ಲಿ ಮೂವತ್ತು ಮಕ್ಕಳಿಗೆ ಏರುದನಿಯ ಪಾಠ, ನಡುವೆ ಗಂಟಲು ಕೆರೆದು ಸರಿಮಾಡಿಕೊಳ್ಳುವ ಅಭ್ಯಾಸ: ಇವೆಲ್ಲ ಸೇರಿ ಧ್ವನಿತಂತುಗಳ ಅಂಚಿನಲ್ಲಿ ಸಣ್ಣ ಗಂಟುಗಳನ್ನು ಬೆಳೆಸಿದ್ದವು. ಹೆಂಗಸರು ಮಾತನಾಡುವಾಗ ಈ ತಂತುಗಳು ಸೆಕೆಂಡಿಗೆ ಸುಮಾರು 200 ಬಾರಿ ಒಂದನ್ನೊಂದು ತಾಕುತ್ತವೆ ಎಂಬುದು ನನಗೆ ತಿಳಿದದ್ದೇ ಆಗ.

1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದ್ದು ಮೈಸೂರಿನಲ್ಲಿ. 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾದದ್ದೂ ಇಲ್ಲಿಯೇ. ದನಿಯನ್ನು ದೂರಕ್ಕೆ ಕಳುಹಿಸುವ ವಿದ್ಯೆ ಮತ್ತು ಕೆಟ್ಟ ದನಿಯನ್ನು ತಿದ್ದುವ ವಿದ್ಯೆ ಎರಡೂ ಒಂದೇ ಊರಿನಲ್ಲಿ ದೊರೆತದ್ದು ನನ್ನ ಪುಣ್ಯವೆಂದೇ ಭಾವಿಸುತ್ತೇನೆ. ಆ ಸಂಸ್ಥೆಯ ಚಿಕಿತ್ಸಕಿ ಮೊದಲು ಮೌನವನ್ನು ಕಲಿಸಿದರು. ಆಮೇಲೆ ನೀರಿನ ಲೋಟದಲ್ಲಿ ಕೊಳವೆಯಿಟ್ಟು ಗುಳ್ಳೆ ಏಳುವಂತೆ ಮೆಲ್ಲಗೆ ದನಿ ಹೊರಡಿಸುವುದನ್ನು, ಹೊಟ್ಟೆಯಿಂದ ಉಸಿರೆಳೆದು ವಾಕ್ಯವನ್ನು ಎಲ್ಲಿ ಮುರಿಯಬೇಕೆಂಬುದನ್ನು, ಪಿಸುಗುಟ್ಟುವುದೂ ಗಂಟಲಿಗೆ ದಣಿವೇ ಎಂಬುದನ್ನು ಮಗುವಿಗೆ ಹೇಳುವಂತೆ ಹೇಳಿಕೊಟ್ಟರು. ವರ್ಷಗಟ್ಟಲೆ ಮೈಕಿನ ಮುಂದೆ ಕುಳಿತಿದ್ದರೂ ನನಗೆ ಉಸಿರಾಡಲು ಬರುತ್ತಿರಲಿಲ್ಲ.

ಪಾಳಿಯಿದ್ದ ದಿನಕ್ಕಷ್ಟೇ ಸಂಭಾವನೆ ಪಡೆಯುವ ತಾತ್ಕಾಲಿಕ ಉದ್ಘೋಷಕಿಗೆ ನಾಲ್ಕು ತಿಂಗಳೆಂದರೆ ಸಣ್ಣ ಅವಧಿಯಲ್ಲ. ಮಕ್ಕಳ ಪಾಠವನ್ನು ನನ್ನ ತಂಗಿ ವಹಿಸಿಕೊಂಡಳು. ನನ್ನ ಪಾಳಿಗಳನ್ನು ಹಂಚಿಕೊಂಡ ಗೆಳತಿಯರು, ನಾನು ವಾಪಸಾಗುತ್ತೇನೆಂದು ಹೇಳಿದ ದಿನವೇ ಅವನ್ನು ಮಾತಿಲ್ಲದೆ ಬಿಟ್ಟುಕೊಟ್ಟರು. ಅವಕಾಶಕ್ಕಾಗಿ ವರ್ಷಗಳ ಕಾಲ ಕಾಯುವ ಈ ವೃತ್ತಿಯಲ್ಲಿ ಅದು ಎಷ್ಟು ದೊಡ್ಡದೆಂದು ಬಲ್ಲವರೇ ಬಲ್ಲರು.

ಕೇಳುಗರ ಪತ್ರಗಳ ಕಟ್ಟಿನಲ್ಲಿ ಹಿರಿಯರೊಬ್ಬರ ಅಂಚೆ ಕಾರ್ಡೊಂದು ನನಗಾಗಿ ಕಾದಿತ್ತು. "ಬೆಳಿಗ್ಗೆ ಓದುವ ಆ ಹುಡುಗಿ ಕಾಣ್ತಿಲ್ಲ, ಹುಷಾರಾಗಿದ್ದಾಳಾ?" ಎಂದು ಕೇಳಿದ್ದರು. ಮೊನ್ನೆ ಪತ್ರೋತ್ತರ ಕಾರ್ಯಕ್ರಮದಲ್ಲಿ ಅವರಿಗೆ ಉತ್ತರವನ್ನು ನಾನೇ ಓದಿದೆ.