ಚಾರಣದ ಸೊಂಟಚೀಲದ ಕುರಿತು ಪೋಷಕರಿಗೆ ಪತ್ರ

ಉಡುಪಿ

ಮಾನ್ಯ ಪೋಷಕರೇ,

ನಮಸ್ಕಾರ. ಬೆಳ್ತಂಗಡಿ ಬಳಿಯ ಗಡಾಯಿಕಲ್ಲು ಬೆಟ್ಟದ ಚಾರಣದ ಬಳಿಕ ನಾವು ಒಂದು ನಿಯಮ ಮಾಡಿದೆವು: ಚಾರಣಕ್ಕೆ ಬರುವ ಪ್ರತಿ ಮಗು ಸೊಂಟಕ್ಕೆ ಸಣ್ಣ ಚೀಲ ಕಟ್ಟಿಕೊಳ್ಳಬೇಕು, ಇನ್ಹೇಲರ್ ಬೇಕಾದವರು ಅದನ್ನು ಅದರಲ್ಲೇ ಇಟ್ಟುಕೊಳ್ಳಬೇಕು. ಈ ಸೊಂಟಚೀಲದ ನಿಯಮಕ್ಕೆ ನಿಮ್ಮಲ್ಲಿ ಹಲವರು ಆಕ್ಷೇಪ ಬರೆದಿದ್ದೀರಿ. ಎಲ್ಲವನ್ನೂ ಓದಿದ್ದೇನೆ. ಔಷಧವನ್ನು ಮಕ್ಕಳ ಕೈಗೇ ಕೊಟ್ಟು ಶಿಕ್ಷಕರು ಹೊಣೆಯಿಂದ ನುಣುಚಿಕೊಳ್ಳುತ್ತಿದ್ದಾರೆ ಎಂಬ ಮಾತು ಮನಸ್ಸಿಗೆ ನಾಟಿತು.

ಆ ಚಾರಣದಲ್ಲಿ ನಡೆದದ್ದನ್ನು, ತೊಂದರೆಗೊಳಗಾದ ವಿದ್ಯಾರ್ಥಿನಿಯ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅರ್ಧ ದಾರಿಯಲ್ಲಿ ಅವಳಿಗೆ ಉಬ್ಬಸ ಬಂತು. ಇನ್ಹೇಲರ್ ಅವಳ ಬೆನ್ನಿನ ಚೀಲದಲ್ಲೇ ಇತ್ತು. ಬುತ್ತಿ ಡಬ್ಬಿ, ಬೈರಾಸು, ಬದಲಿ ಬಟ್ಟೆ ಎಲ್ಲದರ ಅಡಿಯಲ್ಲಿ. ದೈಹಿಕ ಶಿಕ್ಷಕರು ಚೀಲವನ್ನೇ ಮೆಟ್ಟಿಲ ಮೇಲೆ ಮಗುಚಿದರು. ಸ್ಟೀಲಿನ ಡಬ್ಬಿ ಠಣಠಣ ಎಂದು ಕೆಳಗೆ ಉರುಳಿತು, ಚಿತ್ರಾನ್ನವೆಲ್ಲ ಕಲ್ಲಿನ ಮೇಲೆ ಚೆಲ್ಲಿತು. ಇನ್ಹೇಲರ್ ಸಿಕ್ಕಿತು, ಮಗು ಚೇತರಿಸಿಕೊಂಡಳು. ಆದರೆ ಹುಡುಕುವಷ್ಟು ಹೊತ್ತು ಅವಳ ತುಟಿಗಳು ನೀಲಿಗಟ್ಟುತ್ತವೋ ಎಂದು ಅವನ್ನೇ ನೋಡುತ್ತ ನಿಂತವಳು ನಾನು.

ಶಿಕ್ಷಕರೇ ಇಟ್ಟುಕೊಳ್ಳಬಹುದಲ್ಲ ಎಂದು ಕೇಳಿದ್ದೀರಿ. ಅಲ್ಲಿ 1,800ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಬಂಡೆಯಲ್ಲೇ ಕಡಿದ ಕಡಿದಾದ ದಾರಿ. ಸಾಲು ಎಷ್ಟು ಬಿಗಿಯಾಗಿ ಹೊರಟರೂ ಸ್ವಲ್ಪ ಹೊತ್ತಿಗೆ ಉದ್ದವಾಗುತ್ತದೆ. ಔಷಧ ಹಿಡಿದ ಶಿಕ್ಷಕಿ ಮೇಲೆ, ಏದುಸಿರು ಬಿಡುವ ಮಗು ಕೆಳಗೆ. ಹೊಣೆ ನಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಂದಿನಂತೆ ನಮ್ಮೊಂದಿಗೇ ಇರುತ್ತದೆ. ಇನ್ಹೇಲರ್ ಮಾತ್ರ ಮಗುವಿನ ಸೊಂಟದಲ್ಲೇ ಇರಬೇಕು.

ಮಕ್ಕಳು ಕಳೆದುಕೊಂಡರೆ ಎಂಬ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ನಾನೂ ತಾಯಿ. ಹಾಗಾಗಿ ಇನ್ನೊಂದು ಇನ್ಹೇಲರ್ ಇದ್ದರೆ ಹೆಸರು ಬರೆದು ನಮ್ಮ ಬಳಿ ಕೊಟ್ಟಿಡಿ. ಆದರೂ ಮೊದಲನೆಯದು ಸೊಂಟಕ್ಕೇ. ಈ ಒಂದು ವಿಷಯದಲ್ಲಿ ದಯವಿಟ್ಟು ರಿಯಾಯಿತಿ ಕೇಳಬೇಡಿ.

ಚೀಲವನ್ನು ಅಂಗಡಿಯಿಂದ ತರಬೇಕೆಂದಿಲ್ಲ. ಹಳೆಯ ಸಮವಸ್ತ್ರದ ಬಟ್ಟೆಯಲ್ಲಿ ಅಂಗೈಯಗಲದ್ದು ಹೊಲಿದು, ಜಿಪ್ ಹಾಕಿ, ಬೆಲ್ಟಿಗೆ ಪೋಣಿಸುವಂತೆ ಮಾಡಿದರೆ ಧಾರಾಳವಾಯಿತು. ಔಷಧ ಬೇಡದ ಮಕ್ಕಳಿಗೂ ಒಂದು ಸೀಟಿ, ಒಂದು ಪೊಟ್ಟಣ ಓಆರ್‌ಎಸ್, ಬೆಲ್ಲದ ತುಂಡು, ನಿಮ್ಮ ಮೊಬೈಲ್ ಸಂಖ್ಯೆ ಬರೆದ ಚೀಟಿ ಅದರಲ್ಲಿರಲಿ. ಸೀಟಿಯನ್ನು ಆಟಿಕೆ ಎಂದು ಬಿಡಬೇಡಿ: ಗಾಳಿ ಬೀಸುವಲ್ಲಿ ಮಗುವಿನ ಕೂಗು ಹತ್ತು ಮಾರಿನಾಚೆ ಕೇಳಿಸದಿದ್ದರೂ ಸೀಟಿ ಕೇಳಿಸುತ್ತದೆ.

ಜನವರಿಯಲ್ಲಿ ಕೊಡಚಾದ್ರಿಗೆ ಹೋಗುವವರಿದ್ದೇವೆ, 1,343 ಮೀಟರ್ ಎತ್ತರ. ಮಕ್ಕಳು ಈಗಲೇ ದಿನ ಎಣಿಸುತ್ತಿದ್ದಾರೆ. ಯಾರನ್ನೂ ಬಿಟ್ಟುಹೋಗುವ ಮನಸ್ಸು ನನಗಿಲ್ಲ.

ಬರುವ ಶನಿವಾರದೊಳಗೆ ಚೀಲವನ್ನು ಮಗುವಿನ ಕೈಯಲ್ಲಿ ಕಳುಹಿಸಿಕೊಡಿ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ